ಎದುರು ಕಡೆಯವರು

ಅಜ್ಜಿ ಒಂದು ಮಾತು ಅಂದಿದ್ದರೆ ಸಾಕಿತ್ತು. ಆ ಒಂದು ಮಾತಿಗಾಗಿ ಕರಕೋನ ಹಿಮ ಬೀಳುವ ಮುಂಚಿನಿಂದ ಹಿಮ ಕರಗುವವರೆಗೆ ಕಾದಿದ್ದ. ಗುಂಡುದೊಣ್ಣೆಗೆ ಕರಡಿ ಕೊಬ್ಬು ತಿಕ್ಕಿ ತಿಕ್ಕಿ, ಅದರಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಅಜ್ಜಿ ಮಾತ್ರ ಆ ಮಾತು ಆಡಲಿಲ್ಲ.

ನಿಂತಕಲ್ಲಿನವರು ಅನ್ನೋ ಜನದ ಆ ಗುಡ್ಡದ ಊರಲ್ಲಿ ದಾಳಿಗೆ ಹೋಗೋದು ಗಂಡಸರು, ಕಳಿಸೋದು ಹೆಂಗಸರು. ತೋಳ ಕುಲಕ್ಕೆ ಹಿರಿಯಳು ಕಾವಿಸಾವೆ, ಕರಕೋನನ ತಾಯಿಯ ತಾಯಿ. ನಮ್ಮ ಮನೆಯಲ್ಲಿ ಒಂದು ಜಾಗ ಬರಿದಾಗಿದೆ, ಅಲ್ಲಿ ಕೂರಿಸೋಕೆ ಒಬ್ಬನನ್ನು ಹಿಡಿದು ತನ್ನಿ, ಆಗದಿದ್ದರೆ ಅವನ ತಲೆಚರ್ಮವನ್ನಾದರೂ ತನ್ನಿ ಅಂತ ಅವಳು ಕೇಳಬೇಕು. ಕೇಳಿದ ಮೇಲೂ ಹೋಗದ ಗಂಡಸಿಗೆ ಆ ಮನೆಯಲ್ಲಿ ಗಂಜಿ ಹುಟ್ಟೋದಿಲ್ಲ. ಕೇಳುವ ಮುಂಚೆ ಹೋದವನಿಗೂ ಹುಟ್ಟೋದಿಲ್ಲ.

ಬರಿದಾಗಿದ್ದು ಕರಕೋನನ ಅಣ್ಣನ ಜಾಗ. ಎಲೆ ಉದುರುವ ಕಾಲದಲ್ಲಿ, ಹಾವುಮೀನು ಹಿಡಿಯೋಕೆ ಹೊಳೆಗೆ ಅಡ್ಡ ಕಲ್ಲು ಪೇರಿಸಿದ ಕಡೆ, ಮೊಣಕಾಲುದ್ದ ನೀರಲ್ಲಿ ನಿಂತಿದ್ದವನನ್ನು ಪಕ್ಕದ ನಾಡಿನ ಚಕಮಕಿ ಕಲ್ಲಿನವರು ಬಂದು ಹೊಡೆದು ಹಾಕಿದರು. ಜೊತೆಗಿದ್ದ ಕರಡಿ ಕುಲದ ಇಬ್ಬರೂ ಸತ್ತರು, ತಲೆಚರ್ಮ ಕೊಯ್ದೊಯ್ದದ್ದು ಅಣ್ಣನದೊಂದೇ. ಅಣ್ಣನ ಹೆಸರು ಹೇಳೋ ಹಾಗಿಲ್ಲ. ಸತ್ತವನ ಹೆಸರನ್ನು ಇನ್ನೊಬ್ಬನಿಗೆ ಇಡುವವರೆಗೆ ಅದು ನೆಲದ ಮೇಲೆ ಬಿದ್ದಿರುತ್ತದೆ, ಯಾರೂ ತುಳಿಯಬಾರದು.

ಅದಕ್ಕೂ ಒಂದು ಬೇಸಿಗೆ ಮುಂಚೆ ಇದೇ ಕರಕೋನ ಚಕಮಕಿಯವರ ಊರಿನ ಒರತೆ ಹತ್ತಿರ ತನ್ನದೇ ವಯಸ್ಸಿನ ಒಬ್ಬನನ್ನು ಕೆಡವಿ ಬಂದಿದ್ದ. ಅದು ಅವನ ನೆನಪಿಗೇ ಬರುತ್ತಿರಲಿಲ್ಲ. ತಾನು ಕೊಂದದ್ದರಿಂದ ಯಾವನೂ ಕಥೆ ಶುರು ಮಾಡೋದಿಲ್ಲ. ಎಲ್ಲರ ಕಥೆಯೂ ತಮ್ಮವರು ಸತ್ತ ದಿನದಿಂದಲೇ ಶುರು.

ಸಾವಾದ ಮನೆಯವರು ಮುಖಕ್ಕೆ ಬೂದಿ ಬಳಿದುಕೊಂಡು ಕೂರುತ್ತಾರೆ. ತಮ್ಮ ಕಣ್ಣು ತಾವೇ ಒರೆಸಿಕೊಳ್ಳೋ ಹಾಗಿಲ್ಲ. ಎಲ್ಲ ಕುಲಗಳೂ ಕೂಡುವ ಉದ್ದಮನೆಯಲ್ಲಿ ಒಲೆಯ ಈ ಕಡೆ ತೋಳ, ಆಮೆ ಕುಲಗಳು. ಎದುರು ಕಡೆ ಕರಡಿ ಕುಲ. ಮದುವೆಯೂ ಎದುರು ಕಡೆಯವರ ಜೊತೆ, ಹೆಣ ಹೂಳೋದೂ ಎದುರು ಕಡೆಯವರೇ. ಈ ಕಡೆ ಸಾವಾದರೆ ಆ ಕಡೆಯವರು ಬಂದು ಜಿಂಕೆಯ ಮೆತ್ತನೆ ಚರ್ಮದಿಂದ ಕಣ್ಣು ಒರೆಸಬೇಕು, ಗರಿಯಿಂದ ಕಿವಿ ಬಿಡಿಸಬೇಕು, ಗಂಟಲಿಗೆ ನೀರು ಕೊಡಬೇಕು. ಒಂದೊಂದಕ್ಕೂ ಒಂದೊಂದು ಮಾತು, ಒಂದೊಂದು ಚಿಪ್ಪಿನ ಮಣಿಸರ. ಅಷ್ಟು ಆಗುವವರೆಗೆ ದುಃಖದವರ ಬುದ್ಧಿ ನೆಟ್ಟಗಿಲ್ಲ ಅಂತಲೇ ಅರ್ಥ. ಅವರು ಕೂಟದಲ್ಲಿ ಕೂರುವಂತಿಲ್ಲ, ಬಿತ್ತನೆಗೆ ಕೈ ಹಾಕುವಂತಿಲ್ಲ.

ಈ ಸಲ ಎರಡೂ ಕಡೆ ಒಂದೇ ದಿನ ಸಾವಾಗಿತ್ತು. ಯಾರು ಯಾರ ಕಣ್ಣು ಒರೆಸಬೇಕು?

ನಡುಚಳಿಗಾಲದಲ್ಲಿ ಕರಡಿ ಕುಲದವರು ತಡೆಯಲಾರದೆ ನಾವೇ ಕಣ್ಣು ಒರೆಸಿ ನೋಡೇ ಬಿಡೋಣ ಅಂತ ಎದ್ದರು. ಎದ್ದು ನಿಂತವನು ಸೋರಕ್, ಕರಕೋನನ ಅಕ್ಕನ ಗಂಡ. ಸೋರಕ್ ಅಂದರೆ ಬಾತುಕೋಳಿ, ನಡಿಗೆ ನೋಡಿ ಊರು ಇಟ್ಟ ಹೆಸರು. ಹೊಳೆಯಲ್ಲಿ ಅವನ ತಮ್ಮನೂ ಬಿದ್ದಿದ್ದ. ಮುಖ ತೊಳೆದು, ಚರ್ಮ ಹಿಡಿದು, ಅಜ್ಜಿಯ ಮುಂದೆ ನಿಂತು ಎರಡು ಮಾತು ಆಡಿದ. ಮೂರನೆಯದು ಅರ್ಧಕ್ಕೇ ನಿಂತಿತು. ಅಲ್ಲೇ ಕುಸಿದು ಕೂತು ಅದೇ ಚರ್ಮದಿಂದ ತನ್ನ ಕಣ್ಣು ಒರೆಸಿಕೊಂಡ. ಹಾಗೆ ಮಾಡಿದವನನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

"ಆ ಚರ್ಮ ಕೆಟ್ಟೋಯ್ತು, ಒಲೆಗೆ ಹಾಕು," ಅಂದಳು ಅಜ್ಜಿ. ಅಂದವಳು ಹೋಗಿ ಮಲಗಿದಳು.

ಈಗ ಓಕ್ ಮರದ ಚಿಗುರು ಅಳಿಲಿನ ಕಿವಿಯಷ್ಟಾಗಿತ್ತು, ಬಿತ್ತನೆ ಹೊತ್ತು. ಹಿರಿಯಳು ಮೊದಲ ಕಾಳು ಹಾಕದೆ ಬೇರೆ ಹೆಂಗಸರು ಗುದ್ದಲಿ ಎತ್ತುವಂತಿಲ್ಲ. ಅಜ್ಜಿ ದಿನಕ್ಕೆ ಎರಡು ಗುಟುಕು ಗಂಜಿ ಕುಡಿದು ಗೋಡೆ ಕಡೆ ತಿರುಗುತ್ತಿದ್ದಳು. ಇನ್ನೊಂದು ಹುಣ್ಣಿಮೆ ಕಾಣೋಲ್ಲ ಅಂತ ಹೆಂಗಸರು ಪಿಸುಗುಟ್ಟುತ್ತಿದ್ದರು. ಒಂದು ತಲೆಚರ್ಮ ತಂದು ಕೈಗಿಟ್ಟರೆ ಎದ್ದು ಕೂರುತ್ತಾಳೆ ಅನ್ನೋದು ಕರಕೋನನಿಗೆ ಖಾತ್ರಿ. ಬೇರೆ ಔಷಧ ಅವನಿಗೆ ಗೊತ್ತಿರಲಿಲ್ಲ.

"ಅಜ್ಜಿ, ಹನ್ನೊಂದು ಜನ ತಯಾರಾಗಿ ಕುಂತವ್ರೆ. ನೀನೊಂದು ಹೂಂ ಅನ್ನು," ಅಂದ, ಆ ಸಂಜೆ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು.

"ಹನ್ನೊಂದು ಜನ ಹೋದ್ರೆ ಎಷ್ಟು ಜನ ವಾಪಸ್ ಬತ್ತೀರಿ?"

"ಹನ್ನೊಂದೂ."

"ನಿಮ್ಮಣ್ಣಾನೂ ಸಂಜೆಗೆ ಬತ್ತೀನಿ ಅಂದಿದ್ದ. ಬರೀ ಮೀನಿಗೆ ಹೋಗಿದ್ದೋನು."

"ಹಂಗಂತ ಸುಮ್ಕೆ ಕುಂತ್ಕೊಂಡು ನೀನು ಸಾಯೋದು ನೋಡ್ಲಾ?"

ಅಜ್ಜಿ ಹೊದಿಕೆ ಮೇಲಕ್ಕೆಳೆದುಕೊಂಡಳು. "ಬೆಳಿಗ್ಗೆ ಹೇಳ್ತೀನಿ, ಹೋಗು," ಅಂದಳು.

ಅವಳು ಬೆಳಿಗ್ಗೆ ಏನು ಹೇಳುತ್ತಾಳೆ ಅಂತ ಕರಕೋನನಿಗೆ ಅವಳ ದನಿಯಲ್ಲೇ ಗೊತ್ತಾಗಿಹೋಯಿತು. ಸೋತವರ ದನಿ ಅದು. ಅವನಿಗೆ ಖುಷಿಯಾಗಬೇಕಿತ್ತು. ಆಯಿತು ಕೂಡ, ಅರೆಬರೆ.

ಬೆಳಗಾಯಿತು. ಅಜ್ಜಿ ಬಾಯಿ ತೆರೆಯುವ ಮುಂಚೆ ಸೋರಕ್ ಏದುಸಿರು ಬಿಡುತ್ತಾ ಒಳಗೆ ಬಂದ.

"ಬಾಮೈದ, ಕಾಡಂಚಲ್ಲಿ ಹೊಗೆ ಕಾಣ್ತೈತೆ."

ಬೇರೆ ಊರಿಂದ ಬಂದವರು ನೇರ ಊರೊಳಗೆ ನುಗ್ಗೋದಿಲ್ಲ. ಕಾಡು ಮುಗಿದು ಹೊಲ ಶುರುವಾಗುವ ಕಡೆ ಬೆಂಕಿ ಹಾಕಿ, ಎಲ್ಲರಿಗೂ ಕಾಣುವಂತೆ ಕೂತು ಕಾಯುತ್ತಾರೆ. ಆ ಬೆಂಕಿ ಉರಿಯುವವರೆಗೆ ಅವರ ಮೇಲೆ ಕೈ ಎತ್ತುವಂತಿಲ್ಲ, ಶತ್ರುವಾದರೂ ಸರಿ.

"ಯಾರು?"

"ಕಾಲಿಗೆ ಹಾಕಿರೋ ಮೆಟ್ಟು ನೋಡಿದ್ರೆ ಚಕಮಕಿಯೋರು."

ಕರಕೋನ ದೊಣ್ಣೆ ಎತ್ತಿಕೊಂಡ. "ಬೆಂಕಿ ಆರೋಗಂಟ ಕಾಯ್ತೀನಿ."

"ಕಾಯ್ತಾನೇ ಇರ್ತೀಯ. ಸೌದೆ ಜಾಸ್ತೀನೇ ಕೂಡಾಕ್ಕೊಂಡವ್ರೆ."

ಗೂಟಬೇಲಿ ದಾಟಿ, ಹೋದ ವರ್ಷದ ಜೋಳದ ಕೂಳೆ ತುಳಿದುಕೊಂಡು ಇಬ್ಬರೂ ಹೋದರು. ಬೆಂಕಿ ಮುಂದೆ ಒಬ್ಬ ದಪ್ಪ ಮುದುಕಿ, ಅವಳ ಪಕ್ಕ ಒಂದು ಕಾಲು ಸೊಟ್ಟಗಿದ್ದ ನಡುವಯಸ್ಸಿನ ಗಂಡಸು. ಇಬ್ಬರ ಮುಖದ ಮೇಲೂ ಬೂದಿ. ಆಯುಧ ಅಂತ ಏನೂ ಇರಲಿಲ್ಲ. ಮುದುಕಿಯ ಮಡಿಲಲ್ಲಿ ಜಿಂಕೆ ಚರ್ಮದಲ್ಲಿ ಸುತ್ತಿದ ಗಂಟೊಂದಿತ್ತು.

"ಕುಂದ್ರಪಾ," ಅಂದಳು ಮುದುಕಿ. ಚಕಮಕಿಯವರ ಮಾತೂ ಇವರದೇ ಮಾತು, ಎಳೆಯುವ ರೀತಿ ಬೇರೆ. "ಹೊಡಿಯೂದಿದ್ರ ಬೆಂಕಿ ಆರಬೇಕಲ್ಲ. ಅಲ್ಲೀತನಾ ನಿಂತು ಕಾಲು ಯಾಕ ನೋಯಿಸ್ಕೋತಿ. ನನ್ನ ಹೆಸರು ಕನೊನ್ಸಾಸೆ. ಇಂವ ನನ್ನ ತಮ್ಮ."

"ಯಾಕ್ ಬಂದ್ರಿ?" ಅಂದ ಕರಕೋನ.

"ಕಣ್ಣು ಒರೆಸಿಸ್ಕೊಳ್ಳಾಕ."

ಸೋರಕ್ ನಕ್ಕುಬಿಟ್ಟ. ಚಳಿಗಾಲದಿಂದ ಅವನು ನಕ್ಕದ್ದು ಅದೇ ಮೊದಲು, ಕೇಳೋಕೆ ಚೆನ್ನಾಗಿರಲಿಲ್ಲ. "ಏನವ್ವಾ, ನಿಮ್ಮೂರಲ್ಲಿ ಒಂದು ತುಂಡು ಜಿಂಕೆ ಚರ್ಮಕ್ಕೂ ಬರ ಬಂತಾ?"

"ಚರ್ಮ ಬೇಕಾದಷ್ಟೈತಿ. ಹಿಡಿಯೋ ಕೈ ಇಲ್ಲ. ಒಲಿ ಈ ಕಡೀನೂ ಬೂದಿ, ಆ ಕಡೀನೂ ಬೂದಿ. ಬೆಟ್ಟದವರ ಊರಿಗೆ ಹೋದ್ವಿ, ಅಲ್ಲೂ ಹಂಗ." ಮುದುಕಿ ಒಂದು ಕಡ್ಡಿ ಮುರಿದು ಬೆಂಕಿಗೆ ಹಾಕಿದಳು. "ಯಾರೋ ಒಬ್ಬಾಂವ ಊರೂರು ತಿರುಗಾಕ ಹತ್ಯಾನ. ನಾವು, ನೀವು, ಬೆಟ್ಟದವರು, ಇನ್ನೆರಡು ನಾಡಿನವರು, ಐದೂ ಬ್ಯಾರೆ ಅಲ್ಲ, ಒಂದ ಉದ್ದಮನಿ, ಐದು ಒಲಿ ಅಂತಾನ. ನಮ್ಮೂರಾಗ ಅರ್ಧ ಮಂದಿ ಅವಗ ನಗ್ತಾರ. ನಾನೂ ನಕ್ಕೆ. ಆಮ್ಯಾಲ ವಿಚಾರ ಮಾಡಿದೆ. ಮನಿ ಅಂದಮ್ಯಾಲ ಎದುರು ಕಡಿ ಅಂತ ಒಂದು ಇರಬೇಕಲ್ಲ? ನಮಗ ಎದುರು ಕಡಿ ಯಾರು? ಹಗಲೂ ರಾತ್ರಿ ನಾವು ಯಾರ ಕಡಿ ಮುಖ ಮಾಡಿ ಕುಂತೀವಿ? ನಿಮ್ಮ ಕಡೀನ."

"ನಮ್ಮಣ್ಣನ್ನ ಕೊಂದೋರು ನೀವು," ಅಂದ ಕರಕೋನ. ದನಿ ಎತ್ತಲಿಲ್ಲ. ದೊಣ್ಣೆ ಹಿಡಿದ ಬೆರಳು ಬೆಳ್ಳಗಾಗಿದ್ದವು.

"ಹೌದು. ಕಳಿಸಿದಾಕಿ ನಾನ."

ಮುದುಕಿಯೇ ಮುಂದುವರಿಸಿದಳು.

"ಹ್ವಾದ ಹಿಂದಿನ ಬ್ಯಾಸಿಗಿಗೆ ನನ್ನ ಮಗ ಒರತಿ ಹಂತ್ಯಾಕ ಬಿದ್ದಿದ್ದ. ನೀರು ತುಂಬಿದ ತೊಗಟಿ ಪಾತ್ರಿ ಬಾಜೂಕ ಹಂಗ ಇತ್ತು. ಒಂದು ಹನಿ ಚೆಲ್ಲಿರಲಿಲ್ಲ."

ಕರಕೋನನಿಗೆ ಆ ಪಾತ್ರೆ ಗೊತ್ತಿತ್ತು. ಓಡುವಾಗ ಅವನು ಅದನ್ನು ದಾಟಿಕೊಂಡು ಹೋಗಿದ್ದ. ಚೆಲ್ಲಬಾರದು ಅಂತಲೇ ಕಾಲು ಎತ್ತಿ ಇಟ್ಟಿದ್ದ. ಯಾಕೆ ಹಾಗೆ ಮಾಡಿದೆ ಅಂತ ಈವರೆಗೂ ಯೋಚಿಸಿರಲಿಲ್ಲ.

"ನನಗೊಬ್ಬನ್ನ ತಂದು ಕೊಡ್ರಿ ಅಂತ ನಮ್ಮ ಹುಡುಗರಿಗೆ ಹೇಳಿದೆ. ಹೊಳಿಗೆ ಹೋದ್ರು. ಜೀವಂತ ತರಾಕ ಆಗಲಿಲ್ಲಂತ, ತಲೀಚರ್ಮ ತಂದು ಕೈಯಾಗಿಟ್ರು. ಕಡ್ಡಿ ಬಗ್ಗಿಸಿದ ಬಳಿಗೆ ಬಿಗಿದು ಒಣಗಿಸಿದೆ. ಇನ್ನ ಊಟ ರುಚಿ ಹತ್ತತೈತಿ, ನಿದ್ದಿ ಬರತೈತಿ ಅಂದ್ರು ಎಲ್ಲಾರೂ. ಕೂದಲ ನೋಡಿದ್ರ ನನ್ನ ಮಗನ ಕೂದಲ ಹಂಗ ಇತ್ತು, ಸಿಕ್ಕು ಸಿಕ್ಕು. ಕುಂತು ಬಾಚಿದೆ." ಅವಳು ಮಡಿಲ ಗಂಟನ್ನು ಎರಡೂ ಕೈಯಲ್ಲಿ ಎತ್ತಿದಳು. "ಹೊಟ್ಟಿ ತುಂಬಲಿಲ್ಲ ತಮ್ಮಾ. ಹೊಳ್ಳಿ ತಂದೀನಿ."

ಕರಕೋನ ದೊಣ್ಣೆ ಎತ್ತಿದ. ಯಾವಾಗ ಎತ್ತಿದನೋ ಅವನಿಗೇ ಗೊತ್ತಿಲ್ಲ. ಸೋರಕ್ ಅವನ ತೋಳಿಗೆ ಕೈ ಹಾಕಿದ, ಆದರೆ ಬಲ ಹಾಕಲಿಲ್ಲ. ಹೊಡೆಯಲಿ ಅಂತಲೂ ಅವನಿಗಿತ್ತೇನೋ. ಸೊಟ್ಟಗಾಲಿನವನು ಮೇಲೇಳಲಿಲ್ಲ, ಅಕ್ಕನಿಗೆ ಅಡ್ಡವೂ ಬರಲಿಲ್ಲ. ಸುಮ್ಮನೆ ಇನ್ನೊಂದು ಕೊರಡು ಎತ್ತಿ ಬೆಂಕಿಗಿಟ್ಟ.

"ದೊಣ್ಣೆ ಇಳ್ಸು. ನಾನಿನ್ನೂ ಹೇಳಿಲ್ಲ."

ಅಜ್ಜಿಯ ದನಿ. ಕರಕೋನ ತಿರುಗಿ ನೋಡಿದ. ಮೊಮ್ಮಗಳ ಹೆಗಲು ಹಿಡಿದುಕೊಂಡು, ಕೂಳೆಯ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ಅವಳು ಬಂದುಬಿಟ್ಟಿದ್ದಳು. ಚಳಿಗಾಲ ಪೂರ್ತಿ ಒಲೆ ದಾಟದವಳು. ಬಂದವಳು ಬೆಂಕಿಯ ಈಚೆ ಕೂತಳು. ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿಕೊಂಡರು.

"ಉಂಡು ಎಷ್ಟು ದಿನ ಆಯ್ತು?" ಅಂದಳು ಅಜ್ಜಿ.

"ಗಂಜಿ ಕುಡೀತೀನಿ. ನೀ?"

"ನೀನೇ ವಾಸಿ. ಮೈ ಹಂಗೇ ಉಳಿಸ್ಕೊಂಡಿದೀಯ."

"ಇದು ದುಃಖದ ಬಾವು," ಅಂದಳು ಕನೊನ್ಸಾಸೆ. ಅಜ್ಜಿಯ ತುಟಿ ಒಂಚೂರು ಅಲುಗಿತು.

ಆಮೇಲೆ ಅಜ್ಜಿ ಕೈ ಚಾಚಿದಳು. ಕನೊನ್ಸಾಸೆ ಆ ಗಂಟನ್ನು ಕೊಟ್ಟಳು. ಅಜ್ಜಿ ಬಿಚ್ಚಿ ನೋಡಲಿಲ್ಲ. ಎದೆಗೆ ಒತ್ತಿಕೊಂಡಳು.

"ಇವಳ ಕಣ್ಣು ಒರೆಸ್ಬೇಕು," ಅಂದಳು ಕೊನೆಗೆ.

ಕರಕೋನನ ಮೈಯೆಲ್ಲ ಉರಿಯಿತು. "ಒರೆಸಂಗಿಲ್ಲ. ಯಾರು ಮಾಡಿದ ಕಟ್ಟಳೆ ಇದು, ನೀನೇ ಹೇಳ್ಕೊಟ್ಟಿದ್ದಲ್ವಾ? ಬೂದಿ ಮೆತ್ತಿದ ಮುಖದೋರು ಇನ್ನೊಬ್ಬರ ಕಣ್ಣು ಒರೆಸ್ಬಾರ್ದು ಅಂತ. ಭಾವ ಒರೆಸಕ್ಕೆ ಹೋಗಿ ಏನಾಯ್ತು, ನೋಡಿಲ್ವಾ?"

"ಅದನ್ನ್ಯಾಕೆ ಈಗ ಎತ್ತುತೀಯೋ," ಅಂದ ಸೋರಕ್.

"ಸೋರಕ್ ಅತ್ತಿದ್ದು ಯಾರಿಗೆ?" ಅಂದಳು ಅಜ್ಜಿ. "ಅವನ ತಮ್ಮನಿಗೆ. ನಿಮ್ಮಣ್ಣ, ಅವನ ತಮ್ಮ, ಇಬ್ರೂ ಬಿದ್ದಿದ್ದು ಒಂದೇ ನೀರಲ್ಲಿ. ಇದು ನನ್ನ ಕಣ್ಣೀರು, ಇದು ನಿನ್ನ ಕಣ್ಣೀರು ಅಂತ ಬೇರೆ ಮಾಡಕ್ಕೆ ಅವನ ಕೈಲಿ ಆಗ್ಲಿಲ್ಲ. ಇವಳ ಮಗನ್ನ ನೆನೆಸ್ಕೊಂಡು ನಾನು ಒಂದು ತೊಟ್ಟು ಅತ್ತಿದೀನಾ? ನೀನು ಅತ್ತಿದೀಯಾ? ನಮ್ಮೂರಲ್ಲಿ ಯಾರಾದ್ರೂ? ಆ ಮಗೀನ ವಿಷಯದಲ್ಲಿ ನಮ್ಮ ಕಣ್ಣು ಒಣಗಿದ ಕೆರೆ ಇದ್ದಂಗೈತೆ. ನಾಚಿಕೆ ಆಗೋವಷ್ಟು ಒಣಗೈತೆ. ಕಣ್ಣು ಶುದ್ಧ ಇರೋರು ಒರೆಸ್ಬೇಕು ಅನ್ನೋದು ಕಟ್ಟಳೆ. ಇವಳ ದುಃಖಕ್ಕೆ ನಮಗಿಂತ ಶುದ್ಧ ಕಣ್ಣಿನೋರು ಎಲ್ಲವ್ರೆ? ತೋರ್ಸು, ಕರ್ಕೊಂಡ್ ಬತ್ತೀನಿ."

ಕರಕೋನ ದೊಣ್ಣೆಯ ತುದಿಯಿಂದ ಕೂಳೆ ಕೆದಕಿದ.

"ಅಂಗೇ ನಮ್ಮೋರಿಗೆ ಇವಳೂ ಅತ್ತಿಲ್ಲ," ಅಂದಳು ಅಜ್ಜಿ.

"ಅತ್ತಿಲ್ಲ," ಅಂದಳು ಕನೊನ್ಸಾಸೆ. "ಬಾಚಿದೆ ಅಷ್ಟ."

ಅಜ್ಜಿ ಗಂಟಿಗೆ ಸುತ್ತಿದ್ದ ಮೇಲಿನ ಚರ್ಮ ಬಿಚ್ಚಿ, ಒಳಗಿನದನ್ನು ತನ್ನ ಸೆರಗಿನಂಥ ಹೊದಿಕೆಯಲ್ಲಿ ಮುಚ್ಚಿಟ್ಟುಕೊಂಡಳು. ಚರ್ಮವನ್ನು ಕರಕೋನನ ಕಡೆ ಚಾಚಿದಳು. "ಮಾತು ನಾನು ಹೇಳ್ತೀನಿ. ನನ್ನ ಕೈ ನಡುಗ್ತದೆ. ಒರೆಸೋದು ನೀನು."

"ನಾನ್ಯಾಕೆ? ಭಾವ ಇಲ್ವಾ?"

"ಆ ಒರತೆ ಹತ್ರ ಯಾರ ಕೈ ಎದ್ದಿತ್ತು ಅಂತ ನಂಗೆ ಗೊತ್ತಿಲ್ವಾ? ಬಂದ ದಿನಾನೇ ನೀನು ನಗ್ತಾ ಹೇಳಿದ್ಯಲ್ಲ."

ಸೊಟ್ಟಗಾಲಿನವನ ಕೈಯಲ್ಲಿದ್ದ ಕಡ್ಡಿ ಕೈಯಲ್ಲೇ ಉಳಿಯಿತು. ಕನೊನ್ಸಾಸೆ ಕರಕೋನನ ಮುಖ ನೋಡಲಿಲ್ಲ, ಕೈ ನೋಡಿದಳು. ನೋಡುತ್ತಲೇ ಇದ್ದಳು. ಈಗ ಎದ್ದು ಹೋಗಿಬಿಡುತ್ತಾಳೆ ಅಂತ ಅವನಿಗನಿಸಿತು. ಹೋಗಲಿ ಅನಿಸಿತು. ಹೋದರೆ ಅಜ್ಜಿ ಮತ್ತೆ ಗೋಡೆ ಕಡೆ ತಿರುಗುತ್ತಾಳೆ ಅಂತಲೂ ಅನಿಸಿತು. ದೊಣ್ಣೆ ಹಿಡಿದು ನಿಂತಾಗ ಇಲ್ಲದ ಹೆದರಿಕೆ ಈಗ ಬಂತು.

"ನೀನೇನು?" ಅಂದಳು ಕನೊನ್ಸಾಸೆ.

"ನಾನೇ," ಅಂದ.

"ದೊಡ್ಡ ಕೈ ಅದಾವು." ಅವಳು ಉಸಿರು ಎಳೆದುಕೊಂಡಳು. "ಮೆತ್ತಗ ಒರಸು. ಕಣ್ಣು ನೋಯಾಕ ಹತ್ಯಾವ."

ಅವನು ದೊಣ್ಣೆಯನ್ನು ಹುಲ್ಲಿನ ಮೇಲಿಟ್ಟು ಮಂಡಿಯೂರಿದ. ಅಜ್ಜಿ ಮಾತು ಶುರು ಮಾಡಿದಳು. ಹಳೇ ಮಾತೇ, ಆದರೆ ಇನ್ನೊಂದು ಜನಕ್ಕೆ ಹೇಳಿ ಅಭ್ಯಾಸವಿಲ್ಲದ್ದರಿಂದ ಅಲ್ಲಲ್ಲಿ ತಡವರಿಸಿದಳು. ಅಳುವವರಿಗೆ ಸುತ್ತಲಿನ ಜಗತ್ತು ಕಾಣೋದಿಲ್ಲ, ಇಗೋ ನಿನ್ನ ಕಣ್ಣು ಒರೆಸುತ್ತಿದ್ದೇವೆ, ಹೊತ್ತು ಹುಟ್ಟೋದು ನಿನಗೆ ಕಾಣಲಿ ಅಂದಳು. ಕರಕೋನ ಒರೆಸಿದ. ಬೂದಿ ಪಟ್ಟೆಪಟ್ಟೆಯಾಗಿ ಎದ್ದು ಬಂತು. ಅದರಡಿ ಒಂದು ಮಾಮೂಲಿ ಮುಖ ಇತ್ತು. ಎಡಗೆನ್ನೆಯ ಮೇಲೆ ಮಚ್ಚೆ, ಮೂಗಿನ ಪಕ್ಕ ಹಳೇ ಸುಟ್ಟ ಕಲೆ. ಚಕಮಕಿಯವರ ಮುಖವನ್ನು ಇಷ್ಟು ಹತ್ತಿರದಿಂದ ಅವನು ಒಂದೇ ಸಲ ನೋಡಿದ್ದ, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು. ಒರತೆಯ ಆ ಹುಡುಗನಿಗೂ ಕೆನ್ನೆಯ ಮೇಲೆ ಮಚ್ಚೆ ಇತ್ತಾ? ನೆನಪಾಗಲಿಲ್ಲ. ನೆನಪಾಗದ್ದಕ್ಕೆ ಇನ್ನೂ ಮೆತ್ತಗೆ ಒರೆಸಿದ.

ಕಿವಿ ಬಿಡಿಸಿದರು, ನೀರು ಕೊಟ್ಟರು. ಅಕ್ಕನದಾದ ಮೇಲೆ ತಮ್ಮನಿಗೆ. ಆಮೇಲೆ ಕನೊನ್ಸಾಸೆ ಎದ್ದು ಬಂದು ಅಜ್ಜಿಯ ಮುಂದೆ ಕೂತಳು. ಅವಳ ಮಾತಿನಲ್ಲಿ ತಡವರಿಕೆ ಇರಲಿಲ್ಲ, ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳೋ ಏನೋ. ಅಜ್ಜಿ ಕಣ್ಣು ಮುಚ್ಚಿ ಮುಖ ಒಡ್ಡಿದಳು. ನೀರು ಕುಡಿದ ಮೇಲೆ ಅವಳ ಗಂಟಲಿಂದ ಒಂದು ಶಬ್ದ ಬಂತು. ಕೊರಗೂ ಅಲ್ಲ, ನಿಟ್ಟುಸಿರೂ ಅಲ್ಲ, ಹೊತ್ತ ಸೌದೆ ಹೊರೆ ಕೆಳಗಿಳಿಸುವಾಗ ಹೆಂಗಸರು ಮಾಡುವ ಶಬ್ದ.

ಕರಕೋನನ ಸರದಿ ಬಂದಾಗ ಅವನು ಹಲ್ಲು ಕಚ್ಚಿಕೊಂಡು ಕೂತ. ಕಣ್ಣಿಗೆ ಚರ್ಮ ತಾಗಿದಾಗಲೂ ಏನೂ ಆಗಲಿಲ್ಲ. ಕಿವಿಗೆ ಗರಿಯ ತುದಿ ಇಳಿದಾಗ ಮಾತ್ರ ಕಚಗುಳಿ ತಡೆಯಲಾಗದೆ ಮೂಗಲ್ಲಿ ನಗು ಸಿಡಿಯಿತು, ನಗುವಿನ ಹಿಂದೆಯೇ ಅಳು. ಆರು ತಿಂಗಳ ಅಳು, ಎಳೆ ಕರುವಿನ ಹಾಗೆ ದನಿ ತೆಗೆದು.

"ಅಳು," ಅಂದಳು ಕನೊನ್ಸಾಸೆ, ಗರಿ ಹಿಡಿದುಕೊಂಡೇ. "ಇನ್ನೊಂದು ಕಿವಿ ಬಾಕಿ ಐತಿ."

"ನನ್ನ ತಮ್ಮನ ಪಾಲಿಗೆ ನಂಗೂ ಮಾಡ್ತೀಯೇನವ್ವ?" ಅಂದ ಸೋರಕ್ ಹಿಂದಿನಿಂದ.

"ಸಾಲಿನ್ಯಾಗ ಕುಂದ್ರು."

ಆ ಮಧ್ಯಾಹ್ನ ಅಣ್ಣನದನ್ನು ಅಣ್ಣನ ಪಕ್ಕದಲ್ಲೇ ಹೂತರು. ಹೂತದ್ದು ಕನೊನ್ಸಾಸೆಯ ತಮ್ಮ, ಎದುರು ಕಡೆಯವನು. ಅಜ್ಜಿ ಒಣಗಿದ ಕಾಳು ಹಾಕಿದ ಜೋಳದ ರೊಟ್ಟಿ ಅರ್ಧ ತಿಂದು, ಇದನ್ಯಾರು ಬೇಯ್ಸಿದ್ದು, ಹಸೀಗೈತೆ ಅಂತ ಮೊಮ್ಮಗಳಿಗೆ ಬೈದಳು. ಬೈಗುಳ ಕೇಳಿ ಮನೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಗುದ್ದಲಿ ಹುಡುಕೋಕೆ ಹೋದರು.

ತಯಾರಾಗಿದ್ದ ಹನ್ನೊಂದು ಜನರಲ್ಲಿ ಆರು ಜನ ಬಂದು ಕರಕೋನನ ಮುಂದೆ ಉಗಿದರು. "ಏನಪ್ಪಾ, ಮುದುಕೀರ ಮೂಗು ಒರೆಸೋ ಗಂಡಸು," ಅಂದ ಒಬ್ಬ. ಕರಕೋನ ಅವನ ಕತ್ತಿಗೆ ಕೈ ಹಾಕಿ, "ದೊಣ್ಣೆ ಬೀಸಕ್ಕೆ ಏನ್ಲಾ ಬೇಕು, ಒಂದು ಕೈ ಸಾಕು. ನೀನು ಕೊಂದೋನ ತಾಯಿ ಮುಂದೆ ಮಂಡಿ ಊರಿ ನೋಡು, ಆಮೇಲೆ ಬಂದು ಮಾತಾಡು," ಅಂದ. ಸಿಟ್ಟೇನೂ ಹೋಗಿರಲಿಲ್ಲ. ಅದು ಎಲ್ಲಿಗೂ ಹೋಗೋದಿಲ್ಲ. ಮುಖ ತಿರುಗಿಸಿಕೊಂಡಿತ್ತು ಅಷ್ಟೆ.

ಮುಂದೆ ಆ ಐದೂ ನಾಡಿನ ಜನ ಸೇರಿದರು, ಆಯುಧ ಕೆಳಗಿಟ್ಟರು. ಹೊರಗಿನವರು ಅವರನ್ನು ಇರೊಕ್ವಾ ಅಂತ ಕರೆದರು, ಅವರು ತಮ್ಮನ್ನು ಉದ್ದಮನೆಯವರು ಅಂದುಕೊಂಡರು. ಅವರು ಒಂದಾದದ್ದಕ್ಕೆ ದೊಡ್ಡ ದೊಡ್ಡ ಕಾರಣ ಹೇಳುವವರಿದ್ದಾರೆ, ಹೇಳಲಿ. ತಮ್ಮ ಕಣ್ಣು ತಾವೇ ಒರೆಸಿಕೊಳ್ಳೋಕೆ ಆಗೋದಿಲ್ಲ ಅಂತ ಒಪ್ಪಿಕೊಂಡ ಜನಕ್ಕೆ ಎದುರಿಗೆ ಇನ್ನೊಂದು ಜನ ಬೇಕೇ ಬೇಕು. ಎದುರಿಗಿರುವವರನ್ನೆಲ್ಲ ಕೊಂದು ಮುಗಿಸಿದರೆ ನಾಳೆ ಒರೆಸುವವರು ಯಾರು?

ಮೂರನೇ ದಿನ 'ನಮ್ಮೂರಾಗ ಇನ್ನೂ ನಲವತ್ತು ಮಂದಿ ಬೂದಿ ಹಚ್ಚಿಕೊಂಡು ಕುಂತಾರ' ಅಂದ ಕನೊನ್ಸಾಸೆಯ ಜೊತೆ ಕರಕೋನ, ಸೋರಕ್ ಇಬ್ಬರೂ ಹೊರಟರು. ಕಾಲುದಾರಿ ಕಿರಿದು. ಮುಂದೆ ಸೊಟ್ಟಗಾಲಿನವನು, ಅವನ ಹಿಂದೆ ಸೋರಕ್. ಒಬ್ಬ ಕುಂಟು, ಒಬ್ಬ ಬಾತು, ಇಬ್ಬರಲ್ಲಿ ಯಾರ ನಡಿಗೆ ವಾಸಿ ಅಂತ ಅವರಿಬ್ಬರಿಗೆ ಆಗಲೇ ಜಗಳ ಹತ್ತಿತ್ತು. ಅವರ ಹಿಂದೆ ಕರಕೋನ. ಕೊನೆಗೆ, ಅವನ ಬೆನ್ನ ಹಿಂದೆ, ಕನೊನ್ಸಾಸೆ. ಚಕಮಕಿಯವರಿಗೆ ಬೆನ್ನು ಕೊಟ್ಟು ನಡೆದು ಅವನಿಗೆ ಅಭ್ಯಾಸವಿಲ್ಲ. ಎರಡು ಹೆಗಲ ನಡುವೆ ಚರ್ಮ ಜುಮುಗುಟ್ಟುತ್ತಿತ್ತು. ತಿರುಗಿ ನೋಡದೆ ನಡೆದ.

"ಕಿವಿ ಬಿಡಿಸೂ ಮಾತು ಹೇಳು," ಅಂದಳು ಅವಳು. ಅಲ್ಲಿ ಅಜ್ಜಿ ಇರೋದಿಲ್ಲ, ಮಾತೆಲ್ಲ ಅವನೇ ಆಡಬೇಕು.

ಹೇಳಿದ. ನಡುವೆ ಒಂದು ಸಾಲು ಬಿಟ್ಟುಹೋಯಿತು. ಅವಳು ಅದನ್ನು ಹೇಳಿಕೊಟ್ಟಳು. ಅವನು ಮತ್ತೆ ಹೇಳಿದ. ಒಂದು ಹಳ್ಳ ದಾಟಿದರು.

"ಅವ್ವ," ಅಂದ ಕರಕೋನ. ಬಹಳ ದೂರದಿಂದ ಆ ಮಾತು ಅವನ ಬಾಯಲ್ಲೇ ಇತ್ತು. "ನಿನ್ನ ಮಗ ಹೆಂಗಿದ್ದ?"

ಹಿಂದೆ ಹೆಜ್ಜೆ ನಿಂತಂತಾಯಿತು. ಆಮೇಲೆ ಮತ್ತೆ ಕೇಳಿಸಿತು.

"ಅದು ಊರು ಮುಟ್ಟಿದ ಮ್ಯಾಲ, ಒಲಿ ಮುಂದ ಕುಂತು ಹೇಳೂ ಮಾತು. ಒಂದು ದಿನಕ್ಕ ಮುಗಿಯೂದಲ್ಲ," ಅಂದಳು ಕನೊನ್ಸಾಸೆ. "ಈಗ ನೀರಿನ ಮಾತು ಹೇಳು. ನಿಧಾನ. ಅಲ್ಲೇ ನೀ ತಪ್ಪತಿ."